ಕ್ಯಾಶೆಲ್‌ಗೆ ಬೆಂಕಿಯಿಟ್ಟ ಓಬ್ರಿಯನ್: ಇಂಚಿಕ್ವಿನ್ ಬರೀ ಅವಕಾಶವಾದಿಯೇ?

ಪ್ರಶ್ನೆ: ಡಬ್ಲಿನ್‌ನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಟಿಪರೇರಿಯ ಕ್ಯಾಶೆಲ್ ಬಂಡೆಯನ್ನು ನೋಡಿ ಬಂದೆವು. 1647ರಲ್ಲಿ ಅಲ್ಲಿ ನೂರಾರು ಜನರನ್ನು ಕೊಲ್ಲಿಸಿದವನು ಇಂಗ್ಲಿಷ್ ಸಂಸತ್ತಿನ ಸೇನಾಪತಿ ಕ್ರಾಮ್‌ವೆಲ್ ಎಂದುಕೊಂಡಿದ್ದೆ. ಆದರೆ ಅವನು ಐರಿಷ್ ರಾಜವಂಶದಲ್ಲೇ ಹುಟ್ಟಿದ ಮರೋ ಓಬ್ರಿಯನ್ ಎಂದು ಅಲ್ಲಿನವರು ಹೇಳಿದರು. ಆಮೇಲೆ ಓದಿ ನೋಡಿದರೆ ಇದೇ ಮನುಷ್ಯ ಮೊದಲು ರಾಜನ ಪರ, ನಂತರ ಸಂಸತ್ತಿನ ಪರ, ಮತ್ತೆ ರಾಜನ ಪರ. ಪ್ರೊಟೆಸ್ಟಂಟನಾಗಿ ಕ್ಯಾಥೊಲಿಕರನ್ನು ಕೊಂದು, ಕ್ಯಾಥೊಲಿಕನಾಗಿ ಸತ್ತ. ಇಂಥವನನ್ನು ಏನೆಂದು ತಿಳಿಯಬೇಕು? ಬರೀ ಅವಕಾಶವಾದಿಯೇ?

ಉತ್ತರ: ಅವಕಾಶವಾದಿ ಎಂಬ ಆರೋಪ ಅವನು ಬದುಕಿದ್ದಾಗಲೇ ಅವನ ಬೆನ್ನು ಹತ್ತಿತ್ತು. ಆದರೆ ಅಷ್ಟಕ್ಕೇ ನಿಂತರೆ ಹದಿನೇಳನೆಯ ಶತಮಾನದ ಐರ್ಲೆಂಡ್ ನಮಗೆ ಅರ್ಥವಾಗುವುದಿಲ್ಲ. ಇಂಚಿಕ್ವಿನ್‌ನ ಆರನೆಯ ಬ್ಯಾರನ್, ಮುಂದೆ ಅರ್ಲ್ ಆದ ಈ ಮರೋ ಓಬ್ರಿಯನ್ ಪಕ್ಷಗಳನ್ನು ಬದಲಿಸಿದ, ಬಯಕೆಯನ್ನು ಬದಲಿಸಲಿಲ್ಲ ಎಂಬುದು ನನ್ನ ಅಭಿಪ್ರಾಯ. ಐರ್ಲೆಂಡಿನ ದಕ್ಷಿಣಕ್ಕಿರುವ ಮನ್‌ಸ್ಟರ್ ಪ್ರಾಂತ್ಯದ ಅಧಿಕಾರ ತನ್ನ ಕೈಯಲ್ಲಿರಬೇಕು, ಅದಕ್ಕೆ ಲಂಡನ್ನಿನ ಮೊಹರು ಬೀಳಬೇಕು ಎಂದು ಅವನು ಆಸೆಪಟ್ಟ. ಯಾರು ಕೊಡುತ್ತಾರೋ ಅವರ ಕಡೆ ನಡೆದ, ಯಾರು ತಪ್ಪಿಸಿದರೋ ಅವರಿಂದ ಸರಿದ. ಕ್ಯಾಶೆಲ್‌ನಲ್ಲಿ ನಡೆದದ್ದಕ್ಕೆ ಇದು ಸಮಜಾಯಿಷಿಯಾಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವನ ವಂಶದಿಂದಲೇ ಶುರು ಮಾಡಬೇಕು. ಓಬ್ರಿಯನ್‌ರು ಹತ್ತು-ಹನ್ನೊಂದನೆಯ ಶತಮಾನದ ಮಹಾರಾಜ ಬ್ರಿಯನ್ ಬೊರೂನ ಸಂತತಿ. 1543ರಲ್ಲಿ ಆ ಮನೆತನದ ಹಿರಿಯ, ಇವನದೇ ಹೆಸರಿನ ಮರೋ, ಇಂಗ್ಲೆಂಡಿನ ಎಂಟನೆಯ ಹೆನ್ರಿಗೆ ತನ್ನ ಪಾರಂಪರಿಕ ಪಟ್ಟವನ್ನು ಒಪ್ಪಿಸಿ, ಅದೇ ಭೂಮಿಯನ್ನು ರಾಜನ ಕೊಡುಗೆಯಾಗಿ ಮರಳಿ ಪಡೆದ. ಜೊತೆಗೆ ಥಾಮಂಡ್‌ನ ಅರ್ಲ್, ಇಂಚಿಕ್ವಿನ್‌ನ ಬ್ಯಾರನ್ ಎಂಬ ಬಿರುದುಗಳೂ ಬಂದವು. ಕುಲದ ಜನ ಒಪ್ಪಿದ್ದರಿಂದ ನಿಲ್ಲುತ್ತಿದ್ದ ಒಡೆತನ ಅಂದಿನಿಂದ ರಾಜನ ಕಾಗದದ ಮೇಲೆ ನಿಂತಿತು. ನಮ್ಮ ಮರೋ ಹುಟ್ಟುವ ಹೊತ್ತಿಗೆ, ಅಂದರೆ 1614ರಲ್ಲಿ, ಅವನ ಮನೆತನಕ್ಕೆ ಇದು ಎಪ್ಪತ್ತು ವರ್ಷಗಳ ರೂಢಿಯಾಗಿತ್ತು.

ಅವನ ತಂದೆ 1624ರಲ್ಲಿ ತೀರಿಕೊಂಡ. ಹುಡುಗನಿಗೆ ಆಗ ಹತ್ತು ವರ್ಷದ ಆಸುಪಾಸು. ಅಂದಿನ ಕಾನೂನಿನಂತೆ, ರಾಜನಿಂದ ಭೂಮಿ ಪಡೆದ ಒಡೆಯ ತೀರಿಕೊಂಡು ವಾರಸುದಾರ ಅಪ್ರಾಪ್ತನಾಗಿದ್ದರೆ ಅವನ ಪಾಲನೆಯೂ ಆಸ್ತಿಯ ಉಸ್ತುವಾರಿಯೂ ರಾಜನಿಗೆ ಸೇರುತ್ತಿದ್ದವು. ರಾಜ ಅದನ್ನು ತನಗೆ ಬೇಕಾದವರಿಗೆ ವಹಿಸುತ್ತಿದ್ದ. ಕ್ಯಾಥೊಲಿಕ್ ಮನೆಗಳ ಮಕ್ಕಳನ್ನು ಪ್ರೊಟೆಸ್ಟಂಟರನ್ನಾಗಿ ಬೆಳೆಸಲು ಸರ್ಕಾರಕ್ಕೆ ಇದಕ್ಕಿಂತ ಸಲೀಸಾದ ದಾರಿ ಇರಲಿಲ್ಲ. ಮರೋ ಬೆಳೆದದ್ದು ಮನ್‌ಸ್ಟರ್‌ನ ಅಧ್ಯಕ್ಷ ಸರ್ ವಿಲಿಯಂ ಸೇಂಟ್ ಲೆಜರನ ಆಸರೆಯಲ್ಲಿ. ಅಧ್ಯಕ್ಷ ಎಂದರೆ ಇಡೀ ಪ್ರಾಂತ್ಯದ ದಂಡು ಮತ್ತು ನ್ಯಾಯ ಎರಡನ್ನೂ ರಾಜನ ಹೆಸರಿನಲ್ಲಿ ನಡೆಸುವವನು. ಮುಂದೆ ಮರೋ ಅವನ ಮಗಳು ಎಲಿಜಬೆತ್‌ಳನ್ನೇ ಮದುವೆಯಾದ. ರಕ್ತಸಂಬಂಧಿಗಳು ಐರಿಷ್ ಕ್ಯಾಥೊಲಿಕರು, ಬೀಗರು ಇಂಗ್ಲಿಷ್ ಪ್ರೊಟೆಸ್ಟಂಟರು. ಯುದ್ಧವಿದ್ಯೆ ಕಲಿಯಲು ಅವನು 1636ರಲ್ಲಿ ಹೋದದ್ದು ಇಟಲಿಯಲ್ಲಿದ್ದ ಸ್ಪೇನ್ ದೊರೆಯ ಸೈನ್ಯಕ್ಕೆ, ಎಂದರೆ ಯುರೋಪಿನ ಅತಿ ದೊಡ್ಡ ಕ್ಯಾಥೊಲಿಕ್ ಶಕ್ತಿಯ ಪಾಳೆಯಕ್ಕೆ. 1639ರಲ್ಲಿ ಹಿಂದಿರುಗಿದ. ಆಗ ಐರ್ಲೆಂಡಿನ ಆಡಳಿತ ನಡೆಸುತ್ತಿದ್ದ ವೆಂಟ್‌ವರ್ತ್, ಓಬ್ರಿಯನ್‌ರ ಸ್ವಂತ ಸೀಮೆಯಾದ ಕ್ಲೇರ್‌ನಲ್ಲೂ ಇಂಗ್ಲಿಷ್ ವಲಸಿಗರನ್ನು ನೆಲೆಗೊಳಿಸುವ ಯೋಜನೆ ಹಾಕಿದ್ದ. ಮರೋ ಎದುರು ನಿಲ್ಲಲಿಲ್ಲ, ಬಾಗಿ ನಡೆದ. ಅವನ ಆಸ್ತಿಗೆ ನಷ್ಟವಾಗದಂತೆ ನೋಡಿಕೊಳ್ಳಬೇಕೆಂದು ರಾಜ ಚಾರ್ಲ್ಸ್ ಆಜ್ಞೆ ಮಾಡಿದ. ಇಪ್ಪತ್ತೈದರ ಹರೆಯದಲ್ಲಿ ಕಲಿತ ಈ ಪಾಠವನ್ನು ಅವನು ಮರೆಯಲೇ ಇಲ್ಲ ಎಂದು ನನಗೆ ತೋರುತ್ತದೆ.

1641ರ ಅಕ್ಟೋಬರ್‌ನಲ್ಲಿ ಉತ್ತರದ ಅಲ್‌ಸ್ಟರ್‌ನಲ್ಲಿ ಕ್ಯಾಥೊಲಿಕರ ದಂಗೆ ಎದ್ದಿತು. ಕೆಲವೇ ತಿಂಗಳಲ್ಲಿ ಅದು ದಕ್ಷಿಣಕ್ಕೂ ಹಬ್ಬಿತು. ಬಂಡೆದ್ದವರು 1642ರಲ್ಲಿ ಕಿಲ್ಕೆನಿಯಲ್ಲಿ ಒಂದು ಒಕ್ಕೂಟವನ್ನೇ ಕಟ್ಟಿ ಸರ್ಕಾರ ನಡೆಸತೊಡಗಿದರು. ಅದೇ ಜುಲೈನಲ್ಲಿ ಮಾವ ಸೇಂಟ್ ಲೆಜರ್ ತೀರಿಕೊಂಡ. ಮನ್‌ಸ್ಟರ್‌ನ ರಕ್ಷಣೆ ಇಪ್ಪತ್ತೇಳು ವರ್ಷದ ಅಳಿಯನ ಹೆಗಲಿಗೆ ಬಿತ್ತು. ಕಾರ್ಕ್, ಯಾಲ್, ಕಿನ್ಸೇಲ್ ಎಂಬ ಬಂದರು ಪಟ್ಟಣಗಳು, ಅವುಗಳ ಸುತ್ತ ಹೆದರಿ ಕೂತ ಪ್ರೊಟೆಸ್ಟಂಟ್ ವಲಸಿಗರು, ಸಂಬಳ ಕಾಣದ ದಂಡು: ಅವನ ಪಾಲಿಗೆ ಉಳಿದದ್ದು ಇಷ್ಟು. ಆ ವರ್ಷವೇ ಲಿಸ್‌ಕ್ಯಾರಲ್‌ನಲ್ಲಿ ಒಕ್ಕೂಟದ ಸೈನ್ಯವನ್ನು ಸೋಲಿಸಿದ. ಆದರೂ ಊಟಕ್ಕೆ ದುಡ್ಡಿಲ್ಲದ ಸೈನ್ಯದಿಂದ ಗೆಲುವನ್ನು ಮುಂದುವರಿಸಲಾಗಲಿಲ್ಲ.

ಇತ್ತ ಇಂಗ್ಲೆಂಡಿನಲ್ಲೇ ರಾಜನಿಗೂ ಸಂಸತ್ತಿಗೂ ಯುದ್ಧ ಹತ್ತಿಕೊಂಡಿತು. ಚಾರ್ಲ್ಸ್‌ಗೆ ಐರ್ಲೆಂಡಿನ ದಂಡು ಇಂಗ್ಲೆಂಡಿನಲ್ಲಿ ಬೇಕಾಯಿತು. ಹಾಗಾಗಿ 1643ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟದೊಡನೆ ಕದನವಿರಾಮ ಮಾಡಿಸಿದ. ಮರೋ ಅದನ್ನು ಒಪ್ಪಿ ತನ್ನ ಸೈನಿಕರನ್ನು ರಾಜನ ನೆರವಿಗೆ ಕಳಿಸಿದ. ಮುಂದಿನ ಫೆಬ್ರವರಿಯಲ್ಲಿ ತಾನೇ ಆಕ್ಸ್‌ಫರ್ಡ್‌ನಲ್ಲಿದ್ದ ರಾಜನ ಬಿಡಾರಕ್ಕೆ ಹೋಗಿ, ಮಾವ ಕೂತಿದ್ದ ಅಧ್ಯಕ್ಷ ಪೀಠವನ್ನು ಕೇಳಿದ. ಒಂದೂವರೆ ವರ್ಷ ಆ ಕೆಲಸವನ್ನು ನಿಜಕ್ಕೂ ಮಾಡಿದವನು ಅವನೇ. ಆದರೆ ರಾಜ ಆ ಪಟ್ಟವನ್ನು ಪೋರ್ಟ್‌ಲಂಡ್‌ನ ಅರ್ಲ್‌ಗೆ ಆಗಲೇ ಕೊಟ್ಟಾಗಿತ್ತು. ಸವಿಮಾತುಗಳನ್ನಷ್ಟೇ ಕಟ್ಟಿಕೊಂಡು ಮರೋ ಹಿಂದಿರುಗಿದ.

ಅದೇ ಜುಲೈನಲ್ಲಿ ಅವನು ಸಂಸತ್ತಿನ ಪಕ್ಷ ಸೇರಿದ. ಬಹಳ ಮಂದಿ ಇದನ್ನು ಬರೀ ಮುನಿಸಿನ ಕತೆಯಾಗಿ ಹೇಳುತ್ತಾರೆ. ಮುನಿಸು ಇದ್ದದ್ದು ನಿಜ. ಆದರೆ ಅವನ ಸುತ್ತಲಿನ ಪ್ರೊಟೆಸ್ಟಂಟರ ಭಯವೂ ಅಷ್ಟೇ ನಿಜ. ರಾಜ ಇವತ್ತು ಕದನವಿರಾಮ ಮಾಡಿದ್ದಾನೆ, ನಾಳೆ ಒಕ್ಕೂಟದವರಿಗೆ ಬೇಕಾದ ಷರತ್ತುಗಳನ್ನೆಲ್ಲ ಒಪ್ಪಿ ನಮ್ಮನ್ನು ಅವರ ಕೈಗೆ ಬಿಡುತ್ತಾನೆ ಎಂದು ಅವರು ನಂಬಿದ್ದರು. ಹಡಗುಪಡೆ ಸಂಸತ್ತಿನ ವಶದಲ್ಲಿತ್ತು. ಸಮುದ್ರದ ದಾರಿಯಿಲ್ಲದೆ ಆ ಬಂದರುಗಳು ಬದುಕುವಂತಿರಲಿಲ್ಲ. ಪಕ್ಷ ಬದಲಿಸಿದ ಕೂಡಲೇ ಅವನು ಕಾರ್ಕ್, ಯಾಲ್, ಕಿನ್ಸೇಲ್ ಪಟ್ಟಣಗಳಿಂದ ಕ್ಯಾಥೊಲಿಕ್ ನಿವಾಸಿಗಳನ್ನು ಹೊರಗಟ್ಟಿದ. ತಲೆಮಾರುಗಳಿಂದ ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಕುಟುಂಬಗಳು ರಾತ್ರೋರಾತ್ರಿ ಬೀದಿಪಾಲಾದವು. 1645ರ ಜನವರಿಯಲ್ಲಿ ಸಂಸತ್ತು ಅವನನ್ನು ಮನ್‌ಸ್ಟರ್‌ನ ಅಧ್ಯಕ್ಷನೆಂದು ನೇಮಿಸಿತು. ರಾಜ ಕೊಡದ್ದನ್ನು ರಾಜನ ವೈರಿಗಳು ಕೊಟ್ಟರು.

ಈಗ ನೀವು ನೋಡಿ ಬಂದ ಜಾಗಕ್ಕೆ ಬರೋಣ. 1647ರ ಹೊತ್ತಿಗೆ ಲಂಡನ್ನಿನಿಂದ ಹಣ ಬರುವುದು ಅಪರೂಪವಾಗಿತ್ತು. ಶತ್ರುವಿನ ನೆಲವನ್ನು ಸುಟ್ಟು, ಅಲ್ಲಿನ ದನ ಧಾನ್ಯ ದೋಚಿಯೇ ತನ್ನ ದಂಡಿನ ಹೊಟ್ಟೆ ತುಂಬಿಸಬೇಕಾದ ಸ್ಥಿತಿ ಅವನದು. ಜನ ಅವನಿಗೆ ‘ಬೆಂಕಿಯ ಮರೋ’ ಎಂದು ಹೆಸರಿಟ್ಟದ್ದು ಈ ದಂಡಯಾತ್ರೆಗಳಿಂದ. ಮೇ ತಿಂಗಳಲ್ಲಿ ಡನ್‌ಗಾರ್ವನ್ ಬಿತ್ತು, ಸೆಪ್ಟೆಂಬರ್ ಮೊದಲಲ್ಲಿ ಕೇರ್ ಕೋಟೆ ಶರಣಾಯಿತು. ಅಲ್ಲಿಂದ ಕ್ಯಾಶೆಲ್ ಒಂದು ದಿನದ ನಡಿಗೆಯೊಳಗಿನ ಊರು. ಒಕ್ಕೂಟದ ಸೇನಾಪತಿ ಟಾಫ್ ಅಲ್ಲಿ ಒಂದು ಕಾವಲು ಪಡೆಯನ್ನು ಬಿಟ್ಟು ತಾನು ದೂರ ಉಳಿದಿದ್ದ. ಊರನ್ನು ಉಳಿಸಿಕೊಳ್ಳಲಾಗದು ಎಂದು ಕಂಡಾಗ ಸೈನಿಕರು, ಪಾದ್ರಿಗಳು, ಹೆಂಗಸರು ಮಕ್ಕಳಾದಿಯಾಗಿ ಊರವರು ಬೆಲೆಬಾಳುವ ವಸ್ತುಗಳನ್ನು ಹೊತ್ತುಕೊಂಡು ಬಂಡೆಯನ್ನೇರಿ, ಅಲ್ಲಿನ ದೊಡ್ಡ ಚರ್ಚಿನ ಸುತ್ತಿನ ಗೋಡೆಯೊಳಗೆ ಸೇರಿಕೊಂಡರು.

ಮರೋ ಒಂದು ಬೆಲೆ ಹೇಳಿ ಕಳಿಸಿದ: 3,000 ಪೌಂಡ್ ನಗದು, ಜೊತೆಗೆ ತನ್ನ ದಂಡಿಗೆ ಒಂದು ತಿಂಗಳ ಸಂಬಳ. ಕೊಟ್ಟರೆ ಬಿಟ್ಟು ಹೋಗುತ್ತೇನೆ ಎಂದ. ಈ ಬೇಡಿಕೆಯನ್ನು ಗಮನಿಸಿ. ಧರ್ಮಯುದ್ಧದ ಆವೇಶಕ್ಕಿಂತ ಸಂಬಳದ ಲೆಕ್ಕವೇ ಇದರಲ್ಲಿ ಎದ್ದು ಕಾಣುತ್ತದೆ. ಒಳಗಿದ್ದವರು ಒಪ್ಪಲಿಲ್ಲ. ಲಗ್ಗೆ ಶುರುವಾಯಿತು. ಉರಿಯುವ ಕೊಳ್ಳಿಗಳನ್ನು ಗೋಡೆಯಾಚೆ ಎಸೆದು, ಗೋಡೆ ಹತ್ತಿ ಒಳಗೆ ನುಗ್ಗಿದರು. ಕಾವಲು ಪಡೆ ಚರ್ಚಿನೊಳಗೆ ಸರಿದು ಬಾಗಿಲು ಹಾಕಿಕೊಂಡಿತು. ದಾಳಿಕಾರರು ಏಣಿಯಿಟ್ಟು ಕಿಟಕಿಗಳಿಂದ ಇಳಿದರು. ಕಾದಾಟ ಪೂಜೆಯ ಕಟ್ಟೆಯ ಸುತ್ತಲೇ ನಡೆಯಿತು. ಕೊನೆಗೆ ಅರವತ್ತರಷ್ಟು ಸೈನಿಕರು ಗಂಟೆಗೋಪುರ ಹತ್ತಿದರು. ಶರಣಾಗಿ ಎಂಬ ಕರೆಗೆ ಒಪ್ಪಿ ಕತ್ತಿಗಳನ್ನು ಕೆಳಗೆ ಎಸೆದು ಇಳಿದು ಬಂದರು. ಬಂದವರನ್ನು ಕೊಂದರು. ಸತ್ತವರು ಒಟ್ಟು ಸಾವಿರದ ಆಸುಪಾಸು ಎಂಬ ಅಂದಾಜಿದೆ. ಅವರಲ್ಲಿ ಮೂವತ್ತರಷ್ಟು ಪಾದ್ರಿಗಳು. ಐರಿಷ್ ಭಾಷೆಯನ್ನು ಮೊಟ್ಟಮೊದಲು ರೋಮನ್ ಅಚ್ಚಿನಲ್ಲಿ ಮುದ್ರಿಸಿ, 1639ರಲ್ಲಿ ಬ್ರಸಲ್ಸ್‌ನಿಂದ ಧರ್ಮಬೋಧೆಯ ಪುಸ್ತಕವೊಂದನ್ನು ಹೊರತಂದ ಥಿಯೊಬಾಲ್ಡ್ ಸ್ಟೇಪಲ್ಟನ್ ಅಲ್ಲೇ ಹತನಾದ. ಆರ್ಚ್‌ಬಿಷಪ್‌ನ ಕಿರೀಟವನ್ನು ಮರೋ ತನ್ನ ತಲೆಗಿಟ್ಟುಕೊಂಡು ಮೆರೆದ ಎಂಬ ಮಾತೂ ಬಹು ಕಾಲದಿಂದ ಬಂದಿದೆ.

ಇನ್ನೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಕ್ಯಾಶೆಲ್ ಹಿಂದೆ ಮನ್‌ಸ್ಟರ್ ರಾಜರ ಪಟ್ಟದ ಊರು. ಆ ಬಂಡೆಯನ್ನು 1101ರಲ್ಲಿ ಚರ್ಚಿಗೆ ದಾನವಾಗಿ ಕೊಟ್ಟವನು ಬ್ರಿಯನ್ ಬೊರೂನ ಮರಿಮಗ, ಒಬ್ಬ ಓಬ್ರಿಯನ್. 546 ವರ್ಷಗಳ ನಂತರ ಅದರ ಮೇಲೆ ಏಣಿ ಹಾಕಿಸಿದವನೂ ಓಬ್ರಿಯನ್. ತನ್ನ ಮನೆಯ ಇತಿಹಾಸ ಅವನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ; ವಂಶಾವಳಿ ಹಾಡುವ ಕವಿಗಳ ನಾಡು ಅದು. ಅಂದಹಾಗೆ, ನೀವು ಕಂಡ ಚರ್ಚಿಗೆ ಚಾವಣಿ ಇಲ್ಲದಿರುವುದಕ್ಕೆ ಮರೋ ಕಾರಣನಲ್ಲ. ಹದಿನೆಂಟನೆಯ ಶತಮಾನದವರೆಗೂ ಅಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. 1749ರಲ್ಲಿ ಪ್ರೊಟೆಸ್ಟಂಟ್ ಆರ್ಚ್‌ಬಿಷಪ್ ಆರ್ಥರ್ ಪ್ರೈಸ್ ಅದನ್ನು ಕೈಬಿಟ್ಟು ಚಾವಣಿ ತೆಗೆಸಿದ.

1647ರ ನವೆಂಬರ್‌ನಲ್ಲಿ ಕಾರ್ಕ್ ಸೀಮೆಯ ನಾಕ್‌ನನಸ್ ಬೆಟ್ಟದ ಬಳಿ ಟಾಫ್‌ನ ಇಡೀ ಸೈನ್ಯವನ್ನು ಮರೋ ನುಚ್ಚುನೂರು ಮಾಡಿದ. ಸ್ಕಾಟ್ಲೆಂಡಿನ ಹೆಸರಾಂತ ಯೋಧ ಅಲಸ್ಟರ್ ಮಕಾಲಾ ಅಲ್ಲೇ ಸತ್ತ. ಸಂಸತ್ತಿನಿಂದ ಹೊಗಳಿಕೆಯ ಪತ್ರ ಬಂತು, ಸಾಕಾಗುವಷ್ಟು ಸಂಬಳ ಬರಲಿಲ್ಲ. ಜೊತೆಗೆ ಅವನ ಪ್ರತಿಸ್ಪರ್ಧಿ, ಇಂಗ್ಲಿಷ್ ವಲಸೆಗಾರರ ಮನೆಯ ಲಾರ್ಡ್ ಬ್ರಾಗಿಲ್, ಅವನ ಮೇಲೆ ಲಂಡನ್ನಿನಲ್ಲಿ ದೂರು ಹೇಳುತ್ತಲೇ ಇದ್ದ. ಎಷ್ಟು ಯುದ್ಧ ಗೆದ್ದರೂ ಈ ಮನುಷ್ಯ ಐರಿಷ್ ರಕ್ತದವನು ಎಂಬ ಅನುಮಾನ ಸಂಸತ್ತಿನಲ್ಲಿ ಹೋಗಲಿಲ್ಲ. ಅತ್ತ ಸಂಸತ್ತಿನಲ್ಲಿ ರಾಜನನ್ನೇ ಕಿತ್ತೊಗೆಯಬೇಕೆನ್ನುವವರ ಕೈ ಮೇಲಾಗುತ್ತಿತ್ತು. ಒಡೆತನವೆಲ್ಲ ರಾಜಪತ್ರದ ಮೇಲೆ ನಿಂತಿದ್ದ ಒಬ್ಬ ಬ್ಯಾರನ್‌ಗೆ ಅದು ಸಣ್ಣ ಆತಂಕವಲ್ಲ. 1648ರ ಏಪ್ರಿಲ್‌ನಲ್ಲಿ ಅವನು ಮತ್ತೆ ರಾಜನ ಪರ ಎಂದು ಘೋಷಿಸಿದ.

ಮೇ 20ರಂದು ಒಕ್ಕೂಟದವರು ಅವನೊಡನೆ ಕದನವಿರಾಮಕ್ಕೆ ಒಪ್ಪಿದರು. ಕ್ಯಾಶೆಲ್ ಸುಟ್ಟು ಒಂಬತ್ತು ತಿಂಗಳೂ ತುಂಬಿರಲಿಲ್ಲ! ಪೋಪನ ರಾಯಭಾರಿ ರಿನುಚ್ಚಿನಿ ಸಿಡಿದೆದ್ದ. ಈ ಒಪ್ಪಂದಕ್ಕೆ ಸೇರಿದ ಪ್ರತಿಯೊಬ್ಬ ಕ್ಯಾಥೊಲಿಕನಿಗೂ ಮತಬಹಿಷ್ಕಾರ ಹಾಕಿದ. ಅಲ್‌ಸ್ಟರ್‌ನ ದಂಡನಾಯಕ ಓವನ್ ರೋ ಓನೀಲ್ ರಿನುಚ್ಚಿನಿಯ ಕಡೆ ನಿಂತ, ಉಳಿದ ಹಲವರು ಕದನವಿರಾಮದ ಕಡೆ ನಿಂತರು. ಕ್ಯಾಥೊಲಿಕ್ ಐರ್ಲೆಂಡ್ ಎರಡು ಹೋಳಾಗಿ ತನ್ನೊಳಗೇ ಬಡಿದಾಡಿತು. ಕತ್ತಿಯಿಂದ ಮರೋ ಒಕ್ಕೂಟಕ್ಕೆ ಮಾಡಿದ ಹಾನಿಗಿಂತ ಅವನ ಸ್ನೇಹದಿಂದ ಆದ ಹಾನಿಯೇ ಹೆಚ್ಚು ಎಂದು ನಾನು ತಿಳಿಯುತ್ತೇನೆ.

1649ರ ಜನವರಿಯಲ್ಲಿ ಚಾರ್ಲ್ಸ್‌ನ ತಲೆ ಉರುಳಿತು. ಬೇಸಿಗೆಯಲ್ಲಿ ಮರೋ ಡ್ರಾಹಿಡಾ, ಡಂಡಾಕ್ ಪಟ್ಟಣಗಳನ್ನು ರಾಜಪಕ್ಷಕ್ಕಾಗಿ ಗೆದ್ದ. ಆದರೆ ಆಗಸ್ಟ್ 2ರಂದು, ಅವನು ಮನ್‌ಸ್ಟರ್ ಕಡೆ ಹೋಗಿದ್ದಾಗ, ರಾಜಪಕ್ಷದ ಮುಖಂಡ ಆರ್ಮಂಡ್ ಡಬ್ಲಿನ್ ಹೊರವಲಯದ ರಾಥ್‌ಮೈನ್ಸ್‌ನಲ್ಲಿ ಸೋತ. ಎರಡು ವಾರದೊಳಗೆ ಕ್ರಾಮ್‌ವೆಲ್ ಬಂದಿಳಿದ. ಅಕ್ಟೋಬರ್‌ನಲ್ಲಿ ಕಾರ್ಕ್‌ನಲ್ಲಿದ್ದ ಮರೋನ ಸ್ವಂತ ಪಡೆ ತಿರುಗಿಬಿದ್ದು ಊರನ್ನು ಕ್ರಾಮ್‌ವೆಲ್‌ಗೆ ಒಪ್ಪಿಸಿತು. ಯಾಲ್, ಕಿನ್ಸೇಲ್ ಅದರ ಹಿಂದೆಯೇ ಹೋದವು. ತಂತ್ರ ಹೂಡಿದವರಲ್ಲಿ ಮುಂದಾಳು ಅದೇ ಬ್ರಾಗಿಲ್. ಆ ಸೈನಿಕರನ್ನು ನಾನು ದೂರಲಾರೆ. ಅವರಲ್ಲಿ ಬಹಳ ಮಂದಿ ಪ್ರೊಟೆಸ್ಟಂಟರು. ಕ್ಯಾಥೊಲಿಕರೇ ನಿಮ್ಮ ಶತ್ರುಗಳು ಎಂದು ವರ್ಷಗಟ್ಟಲೆ ಅವರನ್ನು ಕಾದಾಡಿಸಿದವನು ಮರೋ. ಈಗ ಅದೇ ಕ್ಯಾಥೊಲಿಕರ ಹೆಗಲಿಗೆ ಹೆಗಲು ಕೊಟ್ಟು ಇಂಗ್ಲಿಷ್ ಪ್ರೊಟೆಸ್ಟಂಟರ ಮೇಲೆ ಹೋರಾಡಿ ಎಂದರೆ ಅವರು ಹೇಗೆ ಕೇಳಿಯಾರು? ಕ್ಯಾಥೊಲಿಕರಂತೂ ಅವನನ್ನು ಎಂದೂ ನಂಬಲಿಲ್ಲ. ಅತ್ತ ದರಿ, ಇತ್ತ ಪುಲಿ ಎಂಬ ಸ್ಥಿತಿಯಲ್ಲಿ, 1650ರ ಡಿಸೆಂಬರ್‌ನಲ್ಲಿ ಆರ್ಮಂಡ್‌ನ ಜೊತೆ ಫ್ರಾನ್ಸ್‌ಗೆ ಹಡಗು ಹತ್ತಿದ. ಐರ್ಲೆಂಡಿಗಾಗಿ ಇಂಗ್ಲಿಷ್ ಸಂಸತ್ತು ಮಾಡಿದ 1652ರ ಕಾಯ್ದೆಯಲ್ಲಿ ಕ್ಷಮೆಯಿಲ್ಲದವರ ಪಟ್ಟಿಗೆ ಅವನ ಹೆಸರು ಸೇರಿತು.

ದೇಶಭ್ರಷ್ಟನಾಗಿದ್ದ ಎರಡನೆಯ ಚಾರ್ಲ್ಸ್ 1654ರಲ್ಲಿ ಅವನಿಗೆ ಅರ್ಲ್ ಪದವಿ ಕೊಟ್ಟ. ಕೊಡಲು ಆಗ ಅವನ ಬಳಿ ಬಿರುದಲ್ಲದೆ ಬೇರೇನೂ ಇರಲಿಲ್ಲ. ಫ್ರೆಂಚರ ಪರವಾಗಿ ಮರೋ ಕ್ಯಾಟಲೋನಿಯಾದಲ್ಲಿ ಹೋರಾಡಿದ. 1657ರ ಸುಮಾರಿಗೆ ಕ್ಯಾಥೊಲಿಕನಾದ. ಇದೂ ಲೆಕ್ಕಾಚಾರವೇ ಎಂದು ನೀವು ಕೇಳಬಹುದು. ನಾನು ಹಾಗೆ ನಂಬುವುದಿಲ್ಲ. ಈ ಒಂದು ಬದಲಾವಣೆಯಿಂದ ಅವನು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಹೆಂಡತಿ ಎಲಿಜಬೆತ್ ಪ್ರೊಟೆಸ್ಟಂಟಳಾಗಿಯೇ ಉಳಿದಳು. ಹಿರಿಯ ಮಗನನ್ನು ಯಾರು ಸಾಕಬೇಕು, ಯಾವ ಧರ್ಮದಲ್ಲಿ ಬೆಳೆಸಬೇಕು ಎಂಬ ಜಗಳ ಪ್ಯಾರಿಸ್‌ನ ಇಂಗ್ಲಿಷ್ ರಾಯಭಾರಿಯವರೆಗೂ ಹೋಯಿತು. ಹತ್ತು ವರ್ಷದ ಮರೋನನ್ನು ಒಂದು ಸರ್ಕಾರ ಕುಲದ ಧರ್ಮದಿಂದ ಬೇರ್ಪಡಿಸಿ ಬೆಳೆಸಿತ್ತು ಎಂಬುದನ್ನು ನೆನೆದರೆ ಈ ಜಗಳ ಬಹಳ ನೋವಿನದಾಗಿ ಕಾಣುತ್ತದೆ.

1660ರ ಆರಂಭದಲ್ಲಿ ಪೋರ್ಚುಗಲ್ ಕಡೆ ಹೊರಟಿದ್ದಾಗ ಅಲ್ಜಿಯರ್ಸ್‌ನ ಕಡಲ್ಗಳ್ಳರು ಅವನ ಹಡಗನ್ನು ಹಿಡಿದರು. ಆ ಕಾದಾಟದಲ್ಲಿ ಜೊತೆಗಿದ್ದ ಮಗ ವಿಲಿಯಂ ಒಂದು ಕಣ್ಣು ಕಳೆದುಕೊಂಡ. 7,500 ಕ್ರೌನ್ ತೆತ್ತ ಮೇಲೆ ಬಿಡುಗಡೆಯಾಯಿತು. ಅಷ್ಟರಲ್ಲಿ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ್ದ. ಮರೋಗೆ ಭೂಮಿ ವಾಪಸು ಬಂತು, ಪರಿಹಾರವಾಗಿ 8,000 ಪೌಂಡ್ ಸಹ ಮಂಜೂರಾಯಿತು. ಆದರೆ ಮನ್‌ಸ್ಟರ್‌ನ ಅಧ್ಯಕ್ಷ ಪೀಠ? ಕ್ಯಾಥೊಲಿಕನಿಗೆ ಅದು ಸಲ್ಲದು ಎಂದರು. ಅದು ಆರರಿ ಅರ್ಲ್ ಎಂಬ ಹೊಸ ಬಿರುದಿನ ಬ್ರಾಗಿಲ್‌ನ ಪಾಲಾಯಿತು. ಬ್ರಾಗಿಲ್ ಕ್ರಾಮ್‌ವೆಲ್‌ನ ಆಪ್ತನಾಗಿದ್ದು ಸಮಯ ನೋಡಿ ರಾಜನ ಕಡೆ ಬಂದವನು. ಇಂಗ್ಲೆಂಡಿನಲ್ಲಿ ಕ್ರಾಮ್‌ವೆಲ್‌ನ ಸೇನಾಪತಿಯಾಗಿದ್ದ ಮಂಕ್ ಸಹ ಹಾಗೆಯೇ ಮಾಡಿ ಡ್ಯೂಕ್ ಆದ. ನಿಮ್ಮ ಪ್ರಶ್ನೆಯಲ್ಲಿರುವ ‘ಅವಕಾಶವಾದಿ’ ಎಂಬ ಮಾತನ್ನು ಮೊದಲು ಇವರಿಗೆ ಅನ್ವಯಿಸಿ ನೋಡಿ. ಅಂದು ಪಕ್ಷ ಬದಲಿಸದೆ ಉಳಿದ ದೊಡ್ಡವರೇ ಕಡಿಮೆ. ಮರೋನ ಹೆಸರಿಗೆ ಮಾತ್ರ ಆ ಕಳಂಕ ಗಟ್ಟಿಯಾಗಿ ಅಂಟಿದ್ದು ಅವನು ಓಬ್ರಿಯನ್ ಆಗಿದ್ದರಿಂದ. ಮನೆಯವನೇ ಮನೆಗೆ ಬೆಂಕಿ ಇಟ್ಟ ಎಂಬ ನೋವು ಅದರ ಹಿಂದಿದೆ. ಆ ನೋವನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಅವನ ಕೊನೆಯ ದಂಡಯಾತ್ರೆಗೆ ನಮ್ಮ ದೇಶದ ಒಂದು ಎಳೆಯೂ ಸೇರಿದೆ. 1661ರಲ್ಲಿ ಎರಡನೆಯ ಚಾರ್ಲ್ಸ್ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್‌ಳನ್ನು ಮದುವೆಯಾಗಲು ಒಪ್ಪಂದ ಮಾಡಿಕೊಂಡಾಗ ಬಳುವಳಿಯಾಗಿ ಬಂದದ್ದು ಬೊಂಬಾಯಿ ಮತ್ತು ಉತ್ತರ ಆಫ್ರಿಕಾದ ಟ್ಯಾಂಜಿಯರ್. ಅದಕ್ಕೆ ಪ್ರತಿಯಾಗಿ, ಸ್ಪೇನ್ ವಿರುದ್ಧ ಹೋರಾಡುತ್ತಿದ್ದ ಪೋರ್ಚುಗಲ್‌ಗೆ ಇಂಗ್ಲೆಂಡ್ ದಂಡು ಕಳಿಸಬೇಕಿತ್ತು. 1662ರಲ್ಲಿ ಆ ದಂಡನ್ನು ಲಿಸ್ಬನ್‌ಗೆ ನಡೆಸಿದವನು ಇಂಚಿಕ್ವಿನ್. ಅವನ ಕೈಕೆಳಗಿದ್ದ ಹಲವರು ಹಿಂದೆ ಕ್ರಾಮ್‌ವೆಲ್‌ನ ಸೈನಿಕರು. ಸ್ಪೇನ್‌ನವರು ನೇರ ಯುದ್ಧಕ್ಕೆ ಸಿಗಲಿಲ್ಲ. ಮರುವರ್ಷ ಅವನು ಊರಿಗೆ ಮರಳಿದ.

ಆಮೇಲಿನ ಹತ್ತು ವರ್ಷ ಕಾರ್ಕ್ ಬಂದರಿನ ಬಳಿ ರಾಸ್‌ಟೆಲನ್‌ನಲ್ಲಿ ಸದ್ದಿಲ್ಲದೆ ಕಳೆದ. 1674ರ ಸೆಪ್ಟೆಂಬರ್ 9ರಂದು ತೀರಿಕೊಂಡ. ಉಯಿಲಿನಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೂ ತನ್ನ ಉತ್ತರಕ್ರಿಯೆಗೂ 20 ಪೌಂಡ್ ಬರೆದಿದ್ದ. ಅವನ ಇಚ್ಛೆಯಂತೆ ಲಿಮರಿಕ್‌ನ ಸೇಂಟ್ ಮೇರಿ ಚರ್ಚಿನಲ್ಲಿ, ಅಂದರೆ ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಓಬ್ರಿಯನ್ ರಾಜನೇ ಕಟ್ಟಿಸಿದ ಚರ್ಚಿನಲ್ಲಿ, ಹೂಳಿದರು. ಊರವರು ಶವಪೆಟ್ಟಿಗೆಯನ್ನು ಕಿತ್ತು ಷಾನನ್ ನದಿಗೆ ಎಸೆದರು ಎಂಬ ದಂತಕತೆ ಈಗಲೂ ಅಲ್ಲಿದೆ. ಹೆದರಿ ಬಿಳಿಚಿಕೊಂಡವನನ್ನು ಕಂಡರೆ, ‘ಮರೋನನ್ನು ಕಂಡಿರಬೇಕು, ಇಲ್ಲವೇ ಅವನ ಪಕ್ಕದ ಪೊದೆಯನ್ನಾದರೂ ಕಂಡಿರಬೇಕು’ ಎನ್ನುವ ಗಾದೆ ಐರಿಷ್ ಭಾಷೆಯಲ್ಲಿ ಉಳಿಯಿತು.

ಮಗ ವಿಲಿಯಂ ಪ್ರೊಟೆಸ್ಟಂಟನಾಗಿಯೇ ಬೆಳೆದು, 1675ರಿಂದ ಐದು ವರ್ಷ ಟ್ಯಾಂಜಿಯರ್‌ನ ಗವರ್ನರ್ ಆಗಿದ್ದ. 1689ರಲ್ಲಿ ಐರ್ಲೆಂಡಿನಲ್ಲಿ ಮತ್ತೆ ರಾಜರ ಜಗಳ ಶುರುವಾದಾಗ ಅವನು ಪ್ರೊಟೆಸ್ಟಂಟ್ ದೊರೆ ಆರೆಂಜ್‌ನ ವಿಲಿಯಂ ಪರ ನಿಂತ, ಅದೇ ವಂಶದ ಕ್ಲೇರ್ ವೈಕೌಂಟ್ ಪಟ್ಟ ಕಳೆದುಕೊಂಡ ಕ್ಯಾಥೊಲಿಕ್ ರಾಜ ಎರಡನೆಯ ಜೇಮ್ಸ್‌ಗಾಗಿ ದಂಡು ಕಟ್ಟಿದ. ಗೆದ್ದ ಪಕ್ಷದಲ್ಲಿದ್ದ ಮರೋನ ಮಗನಿಗೆ ಜಮೈಕಾದ ಗವರ್ನರ್ ಹುದ್ದೆ ಸಿಕ್ಕಿತು. 1692ರಲ್ಲಿ ಅಲ್ಲಿಯೇ ತೀರಿಕೊಂಡ.